ಕಾಲೂರಬೇಡಿ

ಅಮೆರಿಕಕ್ಕೆ ಮಕ್ಕಳ ಮನೆಗೆ ಹೋಗಿ ಬಂದ ನಿವೃತ್ತ ಮೇಷ್ಟ್ರುಗಳೆಲ್ಲ ಒಂದು ಪ್ರವಾಸಕಥನ ಬರೆಯುವುದು ವಾಡಿಕೆಯಾಗಿಬಿಟ್ಟಿದೆ. ನಯಾಗರ ಜಲಪಾತ, ಅಲ್ಲಿನ ದೇವಸ್ಥಾನದ ಪ್ರಸಾದ, ಹಿಮ, ಅಂಗಡಿಯಲ್ಲಿ ಸಿಕ್ಕ ನುಗ್ಗೇಕಾಯಿ, ಇಷ್ಟು ಬಂದರೆ ಕಥನ ಸಂಪೂರ್ಣ. ನಾನೂ 2024ರ ಬೇಸಗೆಯಲ್ಲಿ ಕೊಲೊರಾಡೊ ರಾಜ್ಯದ ಡೆನ್ವರ್ ನಗರದ ಹೊರವಲಯದಲ್ಲಿರುವ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದು ಬಂದೆ. ಬಂದ ಮೇಲೆ "ಏನೂ ಬರೆಯಲೇ ಇಲ್ಲವಲ್ಲ ಸಾರ್" ಎಂದು ನಿಮ್ಮಲ್ಲಿ ಹಲವರು ಕೇಳಿದಿರಿ. ಬರೆಯಲು ಕುಳಿತದ್ದು ನಿಜ. ಆದರೆ ಪ್ರತಿ ಸಲವೂ ಅರ್ಕನ್ಸಾ ನದಿಯ ದಡಕ್ಕೆ ಬಂದೊಡನೆ ಬರಹ ನಿಂತುಬಿಡುತ್ತಿತ್ತು. ಆ ನದಿಯ ಕಥೆ ಹೇಳಬೇಕಾದರೆ ತುಂಗಭದ್ರೆಯ ಕಥೆಯನ್ನೂ ಹೇಳಬೇಕಾಗುತ್ತದೆ. ಆ ಕಥೆಯನ್ನು ನಾನು ಮೂವತ್ತೈದು ವರ್ಷಗಳಿಂದ ತಪ್ಪಾಗಿಯೇ ಹೇಳುತ್ತ ಬಂದಿದ್ದೇನೆ ಎಂಬುದು ನನಗೆ ತಿಳಿದದ್ದು ಅಲ್ಲಿ, ಅಷ್ಟು ದೂರದಲ್ಲಿ.

ಮೊದಲು ಅಲ್ಲಿಗೆ ಹೋದದ್ದು ಹೇಗೆಂದು ಹೇಳುತ್ತೇನೆ.

ಬಂಡೆಗಳ ನಡುವೆ ನೊರೆಯುಕ್ಕಿಸಿ ಹರಿಯುವ ನದಿಯಲ್ಲಿ ಗಾಳಿ ತುಂಬಿದ ರಬ್ಬರಿನ ದೋಣಿಯಲ್ಲಿ ಕುಳಿತು ಹುಟ್ಟು ಹಾಕುತ್ತ ಇಳಿದುಹೋಗುವ ಆಟಕ್ಕೆ ಅಲ್ಲಿ ವೈಟ್‌ವಾಟರ್ ರಾಫ್ಟಿಂಗ್ ಎನ್ನುತ್ತಾರೆ. ನಮ್ಮಲ್ಲೂ ದಾಂಡೇಲಿಯ ಕಾಳಿ ನದಿಯಲ್ಲಿ, ಕೊಡಗಿನ ಬರಪೊಳೆಯಲ್ಲಿ ಇದು ನಡೆದಿದೆ. ನಿಮ್ಮಲ್ಲಿ ಕೆಲವರು ಹೋಗಿ ಬಂದು ಫೋಟೋ ಕಳಿಸಿದ್ದೀರಿ. ನಾನು ಪ್ರತಿ ಫೋಟೋಕ್ಕೂ "ಜಾಗ್ರತೆ" ಎಂಬ ಒಂದೇ ಪದದ ಉತ್ತರ ಬರೆದದ್ದೂ ನಿಮಗೆ ನೆನಪಿರಬಹುದು. ನೀರೆಂದರೆ ನನಗೆ ಆಗದು. ಹನ್ನೊಂದು ವರ್ಷದ ಮೊಮ್ಮಗನಿಗೆ ಇದು ಗೊತ್ತಿರಲಿಲ್ಲ. ಅವನ ಶಾಲೆಯ ಗೆಳೆಯರೆಲ್ಲ ಹೋಗಿ ಬಂದಿದ್ದರಂತೆ. "ತಾತ ಬಂದರೆ ಮಾತ್ರ ನಾನು ಹೋಗೋದು" ಎಂದು ಅವನು ಹಟ ಹಿಡಿದ. ಅಳಿಯಂದಿರು ಅರ್ಧ ದಿನದ, ಮಾರ್ಗದರ್ಶಿಯಿರುವ, ಮಕ್ಕಳೂ ಹೋಗಬಹುದಾದ ಪಯಣವನ್ನೇ ಹುಡುಕಿ ಗೊತ್ತುಮಾಡಿದರು. ನಮ್ಮ ಮನೆಯವರು ಮಾತ್ರ, "ಅರುವತ್ತಾರನೆಯ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ ನಿಮಗೆ? ಮನೆ ಮುಂದಿನ ಕೊಳದ ಹತ್ತಿರ ವಾಕಿಂಗ್‌ಗೆ ಕರೆದರೆ ಬರಲ್ಲ" ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು.

ಡೆನ್ವರ್‌ನಿಂದ ನೈಋತ್ಯಕ್ಕೆ ಎರಡೂವರೆ ಗಂಟೆಯ ಹಾದಿ. ಹತ್ತು ಸಾವಿರ ಅಡಿ ಎತ್ತರದ ಕೆನೋಶಾ ಕಣಿವೆಯ ದಾರಿಯನ್ನು ದಾಟಿ, ಬಯಲಿಗೆ ಇಳಿದು, ಮತ್ತೆ ಹತ್ತಿ ಇಳಿದರೆ ಅರ್ಕನ್ಸಾ ನದಿಯ ಕಣಿವೆ. ಅದರ ಪಶ್ಚಿಮಕ್ಕೆ ನಿಂತ ಪರ್ವತಗಳ ಹೆಸರುಗಳನ್ನು ಕೇಳಿ ನನ್ನೊಳಗಿನ ಮೇಷ್ಟ್ರಿಗೆ ಬಹಳ ಸಂತೋಷವಾಯಿತು: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಕೊಲಂಬಿಯ, ಆಕ್ಸ್‌ಫರ್ಡ್! ಎಲ್ಲವೂ ಹದಿನಾಲ್ಕು ಸಾವಿರ ಅಡಿಗೂ ಮೀರಿದವು. ವಿಶ್ವವಿದ್ಯಾಲಯಗಳ ಹೆಸರನ್ನು ಬೆಟ್ಟಗಳಿಗೆ ಇಟ್ಟ ಜನರ ಬಗ್ಗೆ ಗೌರವ ಮೂಡಿತು. ಹತ್ತುವುದಕ್ಕೆ ಎರಡೂ ಅಷ್ಟೇ ಕಷ್ಟವೆಂಬುದು ಅವರಿಗೆ ತಿಳಿದಿರಬೇಕು. ನದಿಯ ಪಾತ್ರವೇ ಅಲ್ಲಿ ಸಮುದ್ರಮಟ್ಟದಿಂದ ಏಳು ಸಾವಿರ ಅಡಿಗೂ ಮೇಲೆ. ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಎತ್ತರದಲ್ಲಿ ನದಿ ಹರಿಯುತ್ತದೆ. ನಾಲ್ಕು ಹೆಜ್ಜೆ ಬಿರುಸಾಗಿ ನಡೆದರೆ ಏದುಸಿರು.

ಅರ್ಕನ್ಸಾ ಎಂಬುದು ಚಿಕ್ಕ ನದಿಯೇನಲ್ಲ. ಲೆಡ್‌ವಿಲ್ ಎಂಬ ಹಳೆಯ ಗಣಿಯೂರಿನ ಬಳಿ ಹಿಮ ಕರಗಿ ಹುಟ್ಟಿ, ಸುಮಾರು 2,300 ಕಿಲೋಮೀಟರಿಗೂ ಹೆಚ್ಚು ಹರಿದು ಮಿಸಿಸಿಪ್ಪಿಯನ್ನು ಸೇರುತ್ತದೆ. ನಾವು ಇಳಿಯಬೇಕಾಗಿದ್ದ ಭಾಗಕ್ಕೆ ಬ್ರೌನ್ಸ್ ಕ್ಯಾನ್ಯನ್ ಎಂದು ಹೆಸರು. ನದಿಯು ಕೆಂಪುಗೂಡಿದ ಗ್ರಾನೈಟ್ ಬಂಡೆಯನ್ನು ಕೊರೆದು ಮಾಡಿಕೊಂಡ ಇಕ್ಕಟ್ಟಾದ ಕಮರಿ ಅದು. 2015ರಲ್ಲಿ ಅಧ್ಯಕ್ಷ ಒಬಾಮ ಆ ಪ್ರದೇಶವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು.

ಕಚೇರಿಯ ಗೋಡೆಯ ಮೇಲೆ ಒಂದು ಕಪ್ಪುಹಲಗೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಅಂದಿನ ನೀರಿನ ಪ್ರಮಾಣ ಬರೆದಿದ್ದರು, ಸೆಕೆಂಡಿಗೆ ಇಷ್ಟು ಘನ ಅಡಿ ಎಂದು. ಕನ್ನಡಿಗರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಕಾವೇರಿಯ ದಯೆಯಿಂದ ಕ್ಯೂಸೆಕ್ ಎಂಬ ಮಾತು ನಮ್ಮಲ್ಲಿ ಹಾಲು ಹಾಕುವವನಿಗೂ ಗೊತ್ತು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ನನಗೆ ಸೋಜಿಗವೆನಿಸಿದ್ದು ಬೇರೆ. ಜುಲೈ 1ರಿಂದ ಆಗಸ್ಟ್ 15ರವರೆಗೆ ಈ ನದಿಯಲ್ಲಿ 700 ಕ್ಯೂಸೆಕ್‌ಗಿಂತ ನೀರು ಕಡಿಮೆಯಾಗದಂತೆ ನೋಡಿಕೊಳ್ಳಲು ಮೇಲಿನ ಜಲಾಶಯಗಳಿಂದ ನೀರು ಬಿಡುವ ಒಂದು ಒಪ್ಪಂದವಿದೆಯಂತೆ, ದೋಣಿಯಾಟದವರಿಗಾಗಿ! ಆ ನೀರಿನಲ್ಲಿ ಒಂದು ಪಾಲು ಪರ್ವತಶ್ರೇಣಿಯ ಆಚೆಯ ಪಶ್ಚಿಮದ ಹೊಳೆಗಳದ್ದು. 1962ರಲ್ಲಿ ಕೆನಡಿಯವರ ಕಾಲದಲ್ಲಿ ಮಂಜೂರಾದ ಯೋಜನೆಯಡಿ ಐದು ಮೈಲಿಗೂ ಉದ್ದದ ಸುರಂಗ ಕೊರೆದು ಅದನ್ನು ಪೂರ್ವಕ್ಕೆ ತಿರುಗಿಸಿದ್ದಾರೆ. ನಮ್ಮ ಎತ್ತಿನಹೊಳೆಯ ಅಣ್ಣನೆಂದುಕೊಳ್ಳಿ. ಅಳಿಯಂದಿರಿಗೆ ಇದನ್ನೆಲ್ಲ ವಿವರಿಸುತ್ತಿರುವಾಗ ಮೊಮ್ಮಗ, "ತಾತ, ಕ್ಲಾಸ್ ಮುಗೀತಾ?" ಎಂದ.

ಅಲ್ಲಿ ಒಂದು ಮುಚ್ಚಳಿಕೆಗೆ ರುಜು ಹಾಕಿಸಿಕೊಳ್ಳುತ್ತಾರೆ. ಪ್ರಾಣಾಪಾಯವಾದರೆ, ಅಂಗಹೀನನಾದರೆ ತಮ್ಮ ಹೊಣೆಯಿಲ್ಲವೆಂದು. ಎಲ್ಲರೂ ಓದದೆ ರುಜು ಹಾಕಿದರು. ನಾನೊಬ್ಬ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ. ಓದುತ್ತಿರುವಂತೆ, ನಾನೇ ಸೈಕ್ಲೋಸ್ಟೈಲ್ ಮಾಡಿಸಿ ಹಂಚುತ್ತಿದ್ದ ಪೋಷಕರ ಒಪ್ಪಿಗೆ ಪತ್ರ ನೆನಪಿಗೆ ಬಂತು. "ಪ್ರವಾಸದ ಅವಧಿಯಲ್ಲಿ ಸಂಭವಿಸಬಹುದಾದ ಯಾವುದೇ ಅನಾಹುತಕ್ಕೆ..." ಎಂದು ಆರಂಭವಾಗುವ ಆ ವಾಕ್ಯವನ್ನು ರಚಿಸಿದವನೂ ನಾನೇ. ಅದಕ್ಕೆ ಹೆಬ್ಬೆಟ್ಟು ಒತ್ತಿದ ತಂದೆಯರಿದ್ದರು.

ಆಮೇಲೆ ವೇಷ. ಮೈಗಂಟುವ ರಬ್ಬರಿನ ಉಡುಪು, ಅದರ ಮೇಲೊಂದು ಜಾಕೆಟ್, ಅದರ ಮೇಲೆ ತೇಲುವ ಅಂಗಿ, ತಲೆಗೆ ಶಿರಸ್ತ್ರಾಣ. ಮೂವತ್ತಾರು ವರ್ಷ ಬಿಳಿ ಅಂಗಿ, ಇಸ್ತ್ರಿ ಪ್ಯಾಂಟಿನಲ್ಲಿ ನಿಮ್ಮ ಮುಂದೆ ನಿಂತಿದ್ದ ನನ್ನನ್ನು ಆ ಸ್ಥಿತಿಯಲ್ಲಿ ನೋಡಿದ್ದರೆ ನೀವು ಭೌತಶಾಸ್ತ್ರವನ್ನೇ ಮರೆಯುತ್ತಿದ್ದಿರಿ. ನಮ್ಮ ಮನೆಯವರು ಒಂದು ಫೋಟೋ ತೆಗೆದು, "ಇದನ್ನು ಯಾರಿಗೂ ಕಳಿಸಲ್ಲ, ಹೆದರಬೇಡಿ" ಎಂದರು. ಅವರು ಮಂಡಿನೋವಿನ ನೆಪದಲ್ಲಿ ದಡದ ಮೇಲೇ ಉಳಿದು, ಪಯಣ ಮುಗಿಯುವ ಜಾಗಕ್ಕೆ ಮಗಳೊಡನೆ ಕಾರಿನಲ್ಲಿ ಬರುವುದೆಂದಾಯಿತು.

ನಮ್ಮ ಮಾರ್ಗದರ್ಶಿ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ. ಬಿಸಿಲಿಗೆ ಕಂದಿದ ಮುಖ, ಎರಡು ಜಡೆ. ಚಳಿಗಾಲದಲ್ಲಿ ಹಿಮದ ಮೇಲೆ ಜಾರುವುದನ್ನು ಕಲಿಸುತ್ತಾಳಂತೆ, ಬೇಸಗೆಯಲ್ಲಿ ನದಿ. ದೋಣಿಯನ್ನು ನೀರಿಗೆ ಇಳಿಸುವ ಮೊದಲು ನಮ್ಮ ಆರು ಜನರನ್ನು ಮರದ ನೆರಳಿನಲ್ಲಿ ನಿಲ್ಲಿಸಿಕೊಂಡು ಪಾಠ ಆರಂಭಿಸಿದಳು. ಒಳ್ಳೆಯ ಮೇಷ್ಟ್ರ ಲಕ್ಷಣಗಳೆಲ್ಲ ಆಕೆಯಲ್ಲಿದ್ದವು. ಧ್ವನಿ ಏರಿಸಲಿಲ್ಲ, ಹೇಳಿದ್ದನ್ನು ನಮ್ಮ ಬಾಯಲ್ಲೇ ಮತ್ತೆ ಹೇಳಿಸಿದಳು, ಹಿಂದೆ ನಿಂತು ಪಿಸುಗುಡುತ್ತಿದ್ದ ಇಬ್ಬರನ್ನು ಹೆಸರು ಹಿಡಿದು ಕರೆದು ಮುಂದೆ ನಿಲ್ಲಿಸಿದಳು. ಹುಟ್ಟಿನ ಹಿಡಿಕೆಯಿಂದ ಕೈ ತೆಗೆಯಕೂಡದು, ಬಿಟ್ಟರೆ ಅದು ಪಕ್ಕದವರ ಹಲ್ಲಿಗೆ ಬಡಿಯುತ್ತದೆ. ದೋಣಿ ಬಂಡೆಗೆ ಅಪ್ಪಳಿಸಿದರೆ ಎಲ್ಲರೂ ಬಂಡೆಯ ಕಡೆಗೇ ಹಾರಬೇಕು, ದೂರಕ್ಕಲ್ಲ. ಹಗ್ಗ ಎಸೆದರೆ ಹಗ್ಗವನ್ನು ಹಿಡಿಯಬೇಕು, ಅದರ ಚೀಲವನ್ನಲ್ಲ.

ಕೊನೆಗೆ ಆಕೆ ಹೇಳಿದ್ದನ್ನು ನನಗೆ ನೆನಪಿರುವಂತೆ ಕನ್ನಡದಲ್ಲಿ ಬರೆಯುತ್ತೇನೆ:

"ನೀರಿಗೆ ಬಿದ್ದರೆ ಏನು ಬೇಕಾದರೂ ಮರೆಯಿರಿ, ಇದೊಂದನ್ನು ಮರೆಯಬೇಡಿ. ಎದ್ದು ನಿಲ್ಲಲು ಹೋಗಬೇಡಿ. ಸೊಂಟದುದ್ದ ನೀರಿದ್ದರೂ ನಿಲ್ಲಬೇಡಿ. ಹರಿಯುವ ನೀರಿನಲ್ಲಿ ಕಾಲೂರಿದರೆ ಪಾದ ಬಂಡೆಗಳ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೀರು ಬೆನ್ನನ್ನು ತಳ್ಳುತ್ತದೆ. ನೀವು ಮುಂದಕ್ಕೆ ಬಾಗುತ್ತೀರಿ. ಮುಖ ನೀರಿನೊಳಕ್ಕೆ ಹೋಗುತ್ತದೆ. ಮೇಲೇಳಲು ಆಗುವುದಿಲ್ಲ. ಮೊಳಕಾಲುದ್ದದ ನೀರಿನಲ್ಲಿಯೂ ಜನ ಹೀಗೆ ಸತ್ತಿದ್ದಾರೆ. ಆದ್ದರಿಂದ ಅಂಗಾತ ಮಲಗಿ, ಕಾಲು ಮುಂದೆ, ಮೂಗೂ ಕಾಲ್ಬೆರಳೂ ನೀರಿನ ಮೇಲೆ ಕಾಣುತ್ತಿರಲಿ. ಎಲ್ಲರೂ ಹೇಳಿ: ಏನು ಮಾಡಬಾರದು?"

"ನಿಲ್ಲಬಾರದು" ಎಂದು ಮೊಮ್ಮಗ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ. ನಾನು ಬಾಯಿ ತೆರೆಯಲಿಲ್ಲ. ಹುಡುಗಿ ನನ್ನ ಕಡೆ ತಿರುಗಿ, ಅರ್ಥವಾಯಿತೇ ಎಂದು ಬಿಡಿಸಿ ಕೇಳಿದಳು. ಮುದುಕನಿಗೆ ಇಂಗ್ಲಿಷ್ ಬಾರದೆಂದುಕೊಂಡಳೋ ಏನೋ. ಅಳಿಯಂದಿರು, "ಮಾವ, ಹುಷಾರಾಗಿದ್ದೀರಾ? ಎತ್ತರಕ್ಕೆ ತಲೆ ಸುತ್ತುತ್ತಿದೆಯಾ?" ಎಂದರು. ಹೌದೆಂದೆ. ಸುಳ್ಳು.

1989ರ ಡಿಸೆಂಬರ್. ಆ ವರ್ಷದ ಒಂಬತ್ತನೇ ತರಗತಿಯವರಿಗೆ ನೆನಪಿದ್ದೇ ಇರುತ್ತದೆ. ಹೊಸಪೇಟೆ, ಅಣೆಕಟ್ಟು, ಹಂಪೆ, ಆನೆಗೊಂದಿ ಎಂದು ಎರಡು ದಿನದ ಶೈಕ್ಷಣಿಕ ಪ್ರವಾಸ. ನಲವತ್ತಾರು ಮಕ್ಕಳು, ಮೂವರು ಉಪಾಧ್ಯಾಯರು. ವಿಠ್ಠಲ ದೇವಾಲಯ ನೋಡಿಕೊಂಡು, ಹೊಳೆ ದಾಟಿ ಆನೆಗೊಂದಿಗೆ ಹೋಗಲು ತಳವಾರಘಟ್ಟಕ್ಕೆ ಬಂದೆವು. ಆಗ ಅಲ್ಲಿ ಸೇತುವೆಯಿರಲಿಲ್ಲ, ಹರಿಗೋಲೇ ಗತಿ. ಒಂದು ಹರಿಗೋಲು ಆಚೆ ದಡದಿಂದ ಬರುತ್ತಿತ್ತು. ಬಿಸಿಲು. ಮಕ್ಕಳು ಕಾಲು ತೊಳೆದುಕೊಳ್ಳುತ್ತೇವೆಂದರು. ಬೇಡವೆನ್ನಬೇಕಾಗಿತ್ತು. "ದಡದಲ್ಲೇ" ಎಂದೆ.

ಅವನು ಬಂಡೆಯ ಪಾಚಿಯ ಮೇಲೆ ಜಾರಿದ. ಹೆಸರು ಬರೆಯುವುದಿಲ್ಲ, ನಿಮಗೆ ಗೊತ್ತು. ಬಿದ್ದದ್ದು ಆಳಕ್ಕಲ್ಲ. ಅಲ್ಲಿ ನೀರು ಎರಡು ಹೆಬ್ಬಂಡೆಗಳ ನಡುವೆ ಎದೆಮಟ್ಟದಲ್ಲಿ ಬಿರುಸಾಗಿ ಹರಿದು, ಮೂವತ್ತು ನಲವತ್ತು ಅಡಿ ಕೆಳಗೆ ಒಂದು ಸಮಾಧಾನದ ಮಡುವಿಗೆ ಸೇರುತ್ತಿತ್ತು. ಅವನು ಮಲಗಿದಂತೆ ತೇಲುತ್ತ ಆ ಮಡುವಿನ ಕಡೆಗೇ ಹೋಗುತ್ತಿದ್ದ. ನನಗೆ ಈಜು ಬಾರದು. ದಡದ ಮೇಲೆ ಓಡುತ್ತ ಕಿರುಚಿದೆ: "ನಿಂತ್ಕೊಳೋ! ಕಾಲೂರು! ಕಾಲೂರಿ ನಿಂತ್ಕೋ!"

ಅವನು ಕಾಲೂರಿ ನಿಂತ.

ಒಂದು ಕ್ಷಣ ನಿಂತದ್ದು ಕಂಡಿತು, ಎದೆಯವರೆಗೆ ನೀರು, ನನ್ನ ಕಡೆ ನೋಡಿದ ಕಣ್ಣು. "ಶಭಾಷ್" ಎಂದೆ. ಆಮೇಲೆ ಅವನು ಮುಂದಕ್ಕೆ ಬಾಗಿದ. ತಲೆ ಮುಳುಗಿತು, ಎದ್ದಿತು, ಮತ್ತೆ ಮುಳುಗಿತು. ಹರಿಗೋಲಿನಲ್ಲಿ ಬರುತ್ತಿದ್ದ ಅಂಬಿಗ ಅದನ್ನು ಕಂಡವನೇ ನೀರಿಗೆ ಹಾರಿ, ನಾವೆಲ್ಲ ಕೆಳಗಿನಿಂದ ಕೈ ಚಾಚುತ್ತಿದ್ದರೆ, ಅವನು ಮೇಲುಗಡೆಯಿಂದ ಬಂದು ಹುಡುಗನನ್ನು ಕಂಕುಳಲ್ಲಿ ಹಿಡಿದು ಹರಿವಿಗೆ ಎದುರಾಗಿ ಹಿಂದಕ್ಕೆಳೆದ. ಕಾಲು ಬಿಡಿಸಿಕೊಂಡಿತು. ಹರಡಿನ ಮೂಳೆ ಎರಡು ಕಡೆ ಮುರಿದಿತ್ತು. ಆಸ್ಪತ್ರೆ, ಪ್ಲಾಸ್ಟರು, ಮತ್ತೆ ಶಸ್ತ್ರಚಿಕಿತ್ಸೆ. ಅವನಿಗೆ ಒಂದು ವರ್ಷ ಹೋಯಿತು. ಎಸ್ಸೆಸ್ಸೆಲ್ಸಿಯನ್ನು ತನಗಿಂತ ಕಿರಿಯರೊಡನೆ ಬರೆದ. ಎಡಗಾಲು ಇಂದಿಗೂ ಸ್ವಲ್ಪ ಎಳೆಯುತ್ತದೆ.

ಆ ಘಟನೆಯನ್ನು ಎಲ್ಲರೂ ಹೇಳುವ ರೀತಿ ನಿಮಗೆ ಗೊತ್ತೇ ಇದೆ. ಹುಡುಗ ಕೊಚ್ಚಿಕೊಂಡು ಹೋಗುತ್ತಿದ್ದ, ಸಾರ್ ಸಮಯಪ್ರಜ್ಞೆಯಿಂದ ಕೂಗಿ ನಿಲ್ಲುವಂತೆ ಮಾಡಿದರು, ಇಲ್ಲದಿದ್ದರೆ ಹೊಳೆಯ ಪಾಲಾಗುತ್ತಿದ್ದ, ಅಷ್ಟರಲ್ಲಿ ಅಂಬಿಗ ಬಂದ. ಆ ವರ್ಷದ ವಾರ್ಷಿಕೋತ್ಸವದಲ್ಲಿ ಹೀಗೆಯೇ ಹೇಳಿದರು. 2018ರಲ್ಲಿ ನನ್ನ ಬೀಳ್ಕೊಡುಗೆಯ ದಿನ ನಿಮ್ಮಲ್ಲೊಬ್ಬರು ವೇದಿಕೆಯ ಮೇಲೆ ಕಣ್ಣೊರೆಸಿಕೊಳ್ಳುತ್ತ ಹೀಗೆಯೇ ಹೇಳಿದಿರಿ. ನಾನು ಶಾಲು ಹೊದಿಸಿಕೊಂಡು, ಹಣ್ಣಿನ ಬುಟ್ಟಿ ಹಿಡಿದು ಕುಳಿತಿದ್ದೆ. ಬೇಡವೆನ್ನಲಿಲ್ಲ, ಏಕೆಂದರೆ ನಾನೂ ಅದನ್ನೇ ನಂಬಿದ್ದೆ. ಹತ್ತಾರು ಬಾರಿ ನಾನೇ ಹೇಳಿದ್ದೇನೆ, ತರಗತಿಯಲ್ಲಿ, ಸಮಯಪ್ರಜ್ಞೆಗೆ ಉದಾಹರಣೆಯಾಗಿ.

ಬಲ, ಒತ್ತಡ, ಹರಿಯುವ ದ್ರವ. ವೇಗ ಇಮ್ಮಡಿಯಾದರೆ ಅದು ಹಾಕುವ ಬಲ ನಾಲ್ಮಡಿಯಾಗುತ್ತದೆ. ನಿಂತವನ ಬೆನ್ನಿಗೆ ಆ ಬಲ ಪೂರ್ತಿ ಬೀಳುತ್ತದೆ, ತೇಲುವವನನ್ನು ನೀರು ತನ್ನ ವೇಗದಲ್ಲೇ ಒಯ್ಯುವುದರಿಂದ ಅಷ್ಟು ಬೀಳುವುದಿಲ್ಲ. ಪಾದ ಸಿಕ್ಕಿಕೊಂಡರೆ ಅದೇ ತಿರುಗುಬಿಂದು, ದೇಹವೇ ಸನ್ನೆಗೋಲು. ಇದನ್ನೆಲ್ಲ ಬಲ್ಲವನು ನಾನು. ಮೂವತ್ತಾರು ವರ್ಷ ಕಪ್ಪುಹಲಗೆಯ ಮೇಲೆ ಬಾಣದ ಗುರುತು ಹಾಕಿ ತೋರಿಸಿದವನು. ಎರಡು ಜಡೆಯ ಹುಡುಗಿಯೊಬ್ಬಳು ಮರದ ಕೆಳಗೆ ನಿಂತು ಹೇಳುವವರೆಗೆ ಆ ಬಾಣವನ್ನು ತಳವಾರಘಟ್ಟದ ನೀರಿನ ಮೇಲೆ ಒಮ್ಮೆಯೂ ಬರೆದು ನೋಡಿರಲಿಲ್ಲ.

ದೋಣಿಯನ್ನು ನೀರಿಗೆ ಇಳಿಸಿದರು. ಹಿಂದಿರುಗುವ ಮಾತಿರಲಿಲ್ಲ, ಮೊಮ್ಮಗ ಆಗಲೇ ಮುಂದಿನ ಸಾಲಿನಲ್ಲಿ ಕುಳಿತಾಗಿತ್ತು.

ಫಿಶರ್‌ಮನ್ಸ್ ಬ್ರಿಜ್ ಎಂಬಲ್ಲಿಂದ ಹೊರಟ ಮೇಲೆ ಸ್ವಲ್ಪ ದೂರ ನೀರು ಸಾಧುವಾಗಿತ್ತು. ಆಕೆ "ಫಾರ್ವರ್ಡ್", "ಬ್ಯಾಕ್", "ಸ್ಟಾಪ್" ಎಂದು ಕವಾಯತು ಮಾಡಿಸಿದಳು. ಹಿಂದೆ ಕುಳಿತು ಆಕೆಯೇ ಚುಕ್ಕಾಣಿ. ನೀರನ್ನು ಓದುವುದು ಹೇಗೆಂದೂ ಹೇಳಿಕೊಟ್ಟಳು. ನೀರಿನ ಮೇಲೆ ಇಂಗ್ಲಿಷಿನ ವಿ ಅಕ್ಷರದಂತೆ ಗೆರೆ ಮೂಡಿ ಅದರ ಚೂಪು ಕೆಳಗಿನ ಕಡೆಗಿದ್ದರೆ ಅದೇ ದಾರಿ. ಚೂಪು ನಮ್ಮ ಕಡೆಗಿದ್ದರೆ ಅಲ್ಲಿ ಬಂಡೆ ಅಡಗಿದೆ. ದೊಡ್ಡ ಬಂಡೆಯ ಹಿಂದುಗಡೆ ನೀರು ಮೇಲ್ಮುಖವಾಗಿ, ಅಂದರೆ ಬಂದ ದಾರಿಗೇ ಹರಿಯುತ್ತದೆ. ಅಲ್ಲಿ ದೋಣಿಯನ್ನು ಸೇರಿಸಿದರೆ ಭೋರ್ಗರೆಯುವ ನದಿಯ ನಡುವೆಯೇ ನಿಂತು ಸುಧಾರಿಸಿಕೊಳ್ಳಬಹುದು. ಇದನ್ನು ಕಣ್ಣಾರೆ ಕಂಡಾಗ, ಮನಸ್ಸಿನ ಆ ಸ್ಥಿತಿಯಲ್ಲೂ ನನಗೆ ಸಂತೋಷವಾಯಿತು. ಕೆಲವು ಸಂತೋಷಗಳಿಗೆ ನಾಚಿಕೆಯಿರುವುದಿಲ್ಲ.

ಆಮೇಲೆ ಕಮರಿ ಎರಡೂ ಕಡೆಯಿಂದ ಕವಿಯಿತು. ಬಂಡೆಗಳನ್ನು ನೋಡಿ ನಾನು ಬೆಚ್ಚಿದೆ. ಒಂದರ ಮೇಲೊಂದು ಇಟ್ಟಂತೆ ಕುಳಿತ, ಮಳೆಗಾಳಿಗೆ ಮೂಲೆ ಸವೆದು ದುಂಡಗಾದ, ಕೆಂಪು ಬೂದು ಬಣ್ಣದ ಗುಂಡುಗಳು. ಹಂಪೆಯೇ. ನಡುನಡುವೆ ಪೈನ್ ಮರಗಳಿಲ್ಲದಿದ್ದರೆ, ದಡದುದ್ದಕ್ಕೂ ಹಳೆಯ ರೈಲುಹಳಿ ಇಲ್ಲದಿದ್ದರೆ, ನಾನು ಅದನ್ನು ಹಂಪೆಯೆಂದೇ ಪ್ರಮಾಣ ಮಾಡುತ್ತಿದ್ದೆ. 1997ರಿಂದ ಆ ಹಳಿಯ ಮೇಲೆ ಸರಕು ಗಾಡಿಗಳ ಓಡಾಟ ನಿಂತಿದೆಯಂತೆ. ಎರಡೂ ಕಡೆಯದು ಗ್ರಾನೈಟೇ, ಎರಡೂ ನೂರು ಕೋಟಿ ವರ್ಷಕ್ಕೂ ಹಳೆಯವು, ನಮ್ಮದು ಇನ್ನೂ ಹಿರಿಯದು. ಭೂವಿಜ್ಞಾನ ಅಷ್ಟು ಹೇಳುತ್ತದೆ. ನನ್ನ ಹೊಟ್ಟೆಯೊಳಗಿನ ತಳಮಳಕ್ಕೆ ಅದರಿಂದ ಸಮಾಧಾನವೇನೂ ಆಗಲಿಲ್ಲ.

ನೀರು ಧುಮುಕಿ ನೊರೆಗಟ್ಟುವ ಜಾಗಗಳಿಗೆ ಅಲ್ಲಿನವರು ರ‍್ಯಾಪಿಡ್ ಎನ್ನುತ್ತಾರೆ. ಅವುಗಳಿಗೆ ಒಂದರಿಂದ ಆರರವರೆಗೆ ದರ್ಜೆ. ಇಲ್ಲಿಯದು ಹೆಚ್ಚಾಗಿ ಮೂರನೆಯ ದರ್ಜೆ, ಅಂದರೆ ಸೆಕೆಂಡ್ ಕ್ಲಾಸೂ ಅಲ್ಲದ ಥರ್ಡ್ ಕ್ಲಾಸ್ ಎಂದು ನಾನು ಉಡಾಫೆ ಮಾಡಿದ್ದೆ. ಪಿನ್‌ಬಾಲ್ ಎಂಬ ಮೊದಲನೆಯದರಲ್ಲೇ ಉಡಾಫೆ ಇಳಿಯಿತು. ದೋಣಿ ಬಂಡೆಯಿಂದ ಬಂಡೆಗೆ ಕೇರಂ ಕಾಯಿಯಂತೆ ಬಡಿದು ತಿರುಗಿತು. ಝೂಮ್ ಫ್ಲೂಮ್ ಎಂಬಲ್ಲಿ ಒಂದು ಅಲೆ ಮುಂದಿನ ಸಾಲನ್ನು ಪೂರ್ತಿ ನುಂಗಿ ಉಗುಳಿತು. ಮೊಮ್ಮಗ ಕೇಕೆ ಹಾಕಿ ನಗುತ್ತಿದ್ದ. ನೀರು ಹಿಮ ಕರಗಿದ್ದು, ಮುಖಕ್ಕೆ ಬಡಿದರೆ ಉಸಿರು ಹಿಡಿದುಕೊಳ್ಳುತ್ತದೆ. ಮುಂದೆ ವಿಡೋಮೇಕರ್ ಎಂಬುದೊಂದಿದೆಯೆಂದು ಆಕೆ ಹೇಳಿದಳು. ಆ ಹೆಸರಿನ ಅರ್ಥವನ್ನು ನಮ್ಮ ಮನೆಯವರಿಗೆ ನಾನು ಇವತ್ತಿನವರೆಗೂ ಹೇಳಿಲ್ಲ. ಇದನ್ನು ಓದಿದ ಮೇಲೆ ತಿಳಿಯುತ್ತದೆ.

ಅದಕ್ಕೂ ಮೊದಲು ಸ್ಟೇರ್‌ಕೇಸ್. ಹೆಸರೇ ಹೇಳುವಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೀರು. ಮೂರನೆಯದೋ ನಾಲ್ಕನೆಯದೋ ಮೆಟ್ಟಿಲಿನಲ್ಲಿ ದೋಣಿಯ ನನ್ನ ಬದಿ ಮೇಲೆದ್ದಿತು, ಕೆಳಗೆ ಕುಸಿಯಿತು, ಮತ್ತೆ ಎದ್ದಿತು. ನಾನು ಏಳಲಿಲ್ಲ. ಅಂದರೆ ದೋಣಿಯೊಡನೆ ಏಳಲಿಲ್ಲ, ನೀರಿನಲ್ಲಿದ್ದೆ.

ಎಷ್ಟು ಹೊತ್ತೆಂದು ಆಮೇಲೆ ಕೇಳಿದಾಗ ಅಳಿಯಂದಿರು ಹದಿನೈದು ಸೆಕೆಂಡ್ ಇರಬಹುದೆಂದರು. ನಾನು ನಂಬುವುದಿಲ್ಲ. ಬಿದ್ದೊಡನೆ ಲೋಕದ ಸದ್ದೆಲ್ಲ ಹೋಗಿ ಒಂದೇ ಸದ್ದು ಉಳಿಯಿತು, ಗಿರಣಿಯೊಳಗೆ ತಲೆಯಿಟ್ಟಂತೆ. ತೇಲುವ ಅಂಗಿ ನನ್ನನ್ನು ಮೇಲೆತ್ತಿತು. ಆಗ ಆದದ್ದೇ ನಾನು ಇಷ್ಟು ದಿನ ಬರೆಯಲಾಗದೆ ತಡೆದದ್ದು. ನನ್ನ ಕಾಲುಗಳು ನನ್ನನ್ನು ಕೇಳದೆ ಕೆಳಕ್ಕೆ ಹೋದವು. ನೆಲವನ್ನು ಹುಡುಕಿದವು. ಅರ್ಧ ಗಂಟೆಯ ಹಿಂದೆ ಪಾಠ ಕೇಳಿದವನು, ಅದರ ಅರ್ಥವನ್ನು ಅಲ್ಲಿದ್ದ ಯಾರಿಗಿಂತಲೂ ಚೆನ್ನಾಗಿ ಬಲ್ಲವನು, ನಾನು, ಆದರೂ ಹೋದವು. ಬಲಗಾಲಿನ ಹೆಬ್ಬೆರಳಿಗೆ ಬಂಡೆ ತಾಕಿತು. ಆ ಸ್ಪರ್ಶ ಎಷ್ಟು ಹಿತವಾಗಿತ್ತೆಂದರೆ ಹೇಳಲಾರೆ. ಇನ್ನೊಂದು ಅಂಗುಲ ಕಾಲು ಚಾಚಿದರೆ ನಿಂತೆ, ಬದುಕಿದೆ ಎನ್ನುವಂತಿತ್ತು.

ಕಾಲನ್ನು ಮೇಲಕ್ಕೆಳೆದುಕೊಂಡೆ. ಧೈರ್ಯದಿಂದಲ್ಲ. ಎದೆಮಟ್ಟದ ನೀರಿನಲ್ಲಿ ನಿಂತು ನನ್ನನ್ನು ನೋಡುತ್ತಿದ್ದ ಕಣ್ಣು ಅಡ್ಡ ಬಂತು, ಅಷ್ಟೆ. ಅಂಗಾತ ಮಲಗಿದೆ. ಆಕಾಶ, ಬಂಡೆ, ಆಕಾಶ, ನನ್ನದೇ ಎರಡು ಪಾದಗಳು. ಆಮೇಲೆ ಯಾರೋ ತೇಲಂಗಿಯ ಹೆಗಲಪಟ್ಟಿಗಳನ್ನು ಹಿಡಿದು ಮೀನಿನಂತೆ ದೋಣಿಯೊಳಕ್ಕೆ ಎಳೆದುಹಾಕಿದರು. ಆ ಹುಡುಗಿ. ನನ್ನ ಅರ್ಧ ತೂಕವೂ ಇಲ್ಲದವಳು. "ಮೂಗು, ಕಾಲ್ಬೆರಳು. ತುಂಬ ಚೆನ್ನಾಗಿ ಮಾಡಿದಿರಿ" ಎಂದು ಬೆನ್ನು ತಟ್ಟಿದಳು. ಮೊಮ್ಮಗ ಅಳುತ್ತಿದ್ದ. "ಅಷ್ಟು ಜೋರಾಗಿ ಕೂಗ್ತಿದ್ದೆ ತಾತ, ಕಾಲು ಮೇಲೆ, ಕಾಲು ಮೇಲೆ ಅಂತ. ನಿಮಗೆ ಕೇಳಿಸಲಿಲ್ವಾ?"

ಕೇಳಿಸಿರಲಿಲ್ಲ. ಅವನದಾಗಲಿ, ಅಳಿಯಂದಿರದಾಗಲಿ, ಹಿಂದೆ ಕುಳಿತ ಆಕೆಯದಾಗಲಿ ಒಂದು ಅಕ್ಷರವೂ ಕೇಳಿಸಿರಲಿಲ್ಲ.

ಉಳಿದ ದಾರಿಯ ಬಗ್ಗೆ ಹೇಳುವುದೇನೂ ಇಲ್ಲ. ವಿಡೋಮೇಕರ್ ತನ್ನ ಹೆಸರಿಗೆ ತಕ್ಕಂತೆ ನಡೆದುಕೊಳ್ಳಲಿಲ್ಲ. ಹೆಕ್ಲ ಜಂಕ್ಷನ್ ಎಂಬಲ್ಲಿ ದಡ ಸೇರಿದಾಗ ಮಗಳು, ನಮ್ಮ ಮನೆಯವರು ಚಿತ್ರಾನ್ನದ ಡಬ್ಬಿಯೊಡನೆ ಕಾಯುತ್ತಿದ್ದರು. ಬಿದ್ದ ಸುದ್ದಿಯನ್ನು ಗುಟ್ಟಾಗಿಡಬೇಕೆಂದು ದೋಣಿಯಲ್ಲಿಯೇ ಒಪ್ಪಂದವಾಗಿತ್ತು. ಮೊಮ್ಮಗ ನೆಲಕ್ಕೆ ಕಾಲಿಟ್ಟ ಮೂರನೆಯ ಸೆಕೆಂಡಿಗೆ ಒಪ್ಪಂದ ಮುರಿದ. ನಾಲ್ಕು ದಿನ ನನಗೆ ಮೊಸರನ್ನ, ಬೈಗುಳ ಎರಡೂ ಸಮಪ್ರಮಾಣದಲ್ಲಿ ದೊರೆತವು.

ಊರಿಗೆ ಹಿಂದಿರುಗಿದ್ದು ಸೆಪ್ಟೆಂಬರಿನಲ್ಲಿ. ಅವನನ್ನು ಕಾಣಲು ಹೋದದ್ದು ನವೆಂಬರಿನಲ್ಲಿ. ನಡುವಿನ ಎರಡು ತಿಂಗಳಿಗೆ ನಾನು ಕೊಡಬಹುದಾದ ಕಾರಣಗಳೆಲ್ಲ ನೀವು ಹೋಂವರ್ಕ್ ಮಾಡದೆ ಬಂದಾಗ ಕೊಡುತ್ತಿದ್ದಂಥವೇ. ಅವನದು ಈಗ ಪಂಪ್‌ಸೆಟ್ ರಿಪೇರಿ ಅಂಗಡಿ, ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ. ಕೂದಲು ನನಗಿಂತ ಬೆಳ್ಳಗಾಗಿದೆ. ನನ್ನನ್ನು ಕಂಡೊಡನೆ ಕೈಯ ಗ್ರೀಸನ್ನು ಒರೆಸಿಕೊಂಡು, ಕಾಲೆಳೆಯುತ್ತ ಬಂದು, ಸ್ಟೂಲನ್ನು ಬಟ್ಟೆಯಿಂದ ಉಜ್ಜಿ ಕೂರಿಸಿದ. ಅಮೆರಿಕದ ಸಮಾಚಾರ ಕೇಳಿದ. ಹೇಳಿದೆ. ನದಿಯ ವಿಷಯವನ್ನೂ ಹೇಳಿದೆ, ನಾನು ಬಿದ್ದದ್ದನ್ನೂ. ನಕ್ಕ. ಆಮೇಲೆ ನಾನು, "ಅವತ್ತು ತಳವಾರಘಟ್ಟದಲ್ಲಿ ನಾನು ದಡದಿಂದ ನಿನಗೆ ಒಂದು ಮಾತು ಕೂಗಿದೆನಪ್ಪ" ಎಂದು ಆರಂಭಿಸಿದೆ.

ಅವನು ನನ್ನನ್ನು ಮುಗಿಸಲು ಬಿಡಲಿಲ್ಲ. "ಅಯ್ಯೋ, ನನಗೆಲ್ಲಿ ಕೇಳಿಸ್ಬೇಕು ಸಾರ್! ಕಿವಿ ತುಂಬ ನೀರು. ಒಂದಕ್ಷರ ಕೇಳಿಸ್ಲಿಲ್ಲ. ಕಾಲು ತಾನೇ ಹೋಗಿ ಸಿಕ್ಕಾಕ್ಕೊಂತು" ಎಂದ. ಹುಡುಗನನ್ನು ಕೂಗಿ ಎರಡು ಚಹಾ ತರಲು ಕಳಿಸಿದ.

ಇರಬಹುದು. ನೀರಿನೊಳಗೆ ಕೇಳಿಸುವುದಿಲ್ಲವೆಂಬುದಕ್ಕೆ, ಕಾಲು ತಾನೇ ಹೋಗುತ್ತದೆಂಬುದಕ್ಕೆ ನಾನೇ ಸಾಕ್ಷಿ. ಆದರೆ ಅವತ್ತು ಅವನು ಇದ್ದದ್ದು ನನ್ನಿಂದ ಹತ್ತು ಹದಿನೈದು ಅಡಿ ದೂರದಲ್ಲಿ, ತಲೆ ನೀರಿನ ಮೇಲಿತ್ತು, ನಾನು "ನಿಂತ್ಕೊಳೋ" ಎಂದ ಮೇಲೆಯೇ ಅವನು ನಿಂತದ್ದು. ಚಹಾ ಬರುವವರೆಗೆ ಇಬ್ಬರೂ ರಸ್ತೆ ನೋಡುತ್ತ ಕುಳಿತೆವು. ಬಸ್ಸಿನಲ್ಲಿ ಮನೆಗೆ ಮರಳುವಾಗ ನನಗೆ ಹೊಳೆಯಿತು: ನಾನು ಕೂಗಿದ ಮಾತು ಯಾವುದೆಂದು ಅವನಿಗೆ ನಾನು ಹೇಳಿರಲೇ ಇಲ್ಲ. ಅವನು ಕೇಳಲೂ ಇಲ್ಲ.

ಹೊರಡುವಾಗ ಅವನೇ ಇನ್ನೊಂದು ಮಾತು ಹೇಳಿದ. "ಸಾರ್, ಆ ಅಂಬಿಗರ ಹೆಸರು ಏನಂತ ನಾವು ಯಾರೂ ಕೇಳ್ಲೇ ಇಲ್ವಲ್ಲ. ನಮ್ಮಪ್ಪ ಸಾಯೋವರೆಗೂ ಕೇಳ್ತಿದ್ರು." ಹೌದು, ಕೇಳಿರಲಿಲ್ಲ. ಹರಿಗೋಲಿನ ಬಾಡಿಗೆ ಕೊಡಲು ಹೋದಾಗ ಅವನು ತೆಗೆದುಕೊಳ್ಳಲಿಲ್ಲವೆಂದು ಮಾತ್ರ ನೆನಪಿದೆ. ಐವತ್ತರ ಆಸುಪಾಸು, ತಲೆಗೆ ಕೆಂಪು ವಸ್ತ್ರ ಸುತ್ತಿದ್ದ, ಎಡಗೈಯಲ್ಲಿ ತಾಮ್ರದ ಕಡಗ. ಆ ಪ್ರವಾಸದ ಫೋಟೋಗಳು ನಿಮ್ಮಲ್ಲಿ ಯಾರ ಬಳಿಯಾದರೂ ಉಳಿದಿದ್ದರೆ, ಆನೆಗೊಂದಿಯ ಕಡೆ ನೆಂಟಸ್ತನವಿರುವವರು ಯಾರಾದರೂ ವಿಚಾರಿಸಬಲ್ಲಿರಾದರೆ, ದಯವಿಟ್ಟು ನನಗೆ ತಿಳಿಸಿ. ಜನವರಿಯಲ್ಲಿ ನಾವಿಬ್ಬರೂ ಒಮ್ಮೆ ಅಲ್ಲಿಗೆ ಹೋಗಿ ಬರಬೇಕೆಂದುಕೊಂಡಿದ್ದೇವೆ.